ಗಿರಣಿಯ ಪಾಲಿನ ನಿದ್ದೆ

"ನಿದ್ದೆ ಮಾಡೋದಕ್ಕೂ ಮಾರ್ಕ್ಸ್ ಕೊಡ್ತಾರಂತಾ?"

ಹಾಸ್ಟೆಲಿನ ನೋಟೀಸು ಬೋರ್ಡಿನ ಮುಂದೆ ನಿಂತು ಗಿರಣಿ ಕೇಳಿದ ಈ ಪ್ರಶ್ನೆಗೆ ಉತ್ತರ ಕೊಡಲು ಅಲ್ಲಿ ನರಪಿಳ್ಳೆಯೂ ಇರಲಿಲ್ಲ. ಮೆಟ್ಟಿಲ ಕೆಳಗಿನ ನೀರು ಕಾಯಿಸುವ ಯಂತ್ರ ತನ್ನ ಪಾಡಿಗೆ ತಾನು ಗುರುಗುಟ್ಟುತ್ತಿತ್ತು. ಗಾಜಿನ ಹಿಂದೆ ಹೊಸ ಕಾಗದ. ಅದರ ನೆತ್ತಿಯಲ್ಲಿ ದಿಂಬಿಗೊರಗಿ ನಗುತ್ತಿರುವ ಒಂದು ಮೆದುಳಿನ ಚಿತ್ರ. ಚಿತ್ರದ ಕೆಳಗೆ ದಪ್ಪಕ್ಷರದಲ್ಲಿ 'ಮಲಗಿ, ಗೆಲ್ಲಿ' ಎಂಬ ಕರೆ.

ಹಿಂದಿನ ವರ್ಷ ಪರೀಕ್ಷೆಯ ಕಾಲದಲ್ಲಿ ಕೆಲವರು ಓದಿ ಓದಿ ನಿದ್ದೆಗೆಟ್ಟು, ನಿದ್ದೆಗೆಟ್ಟು ಮನಸ್ಸು ಕೆಟ್ಟು, ಮನಸ್ಸು ಕೆಟ್ಟು ಮಾತು ಬಿಟ್ಟಿದ್ದರು. ಒಬ್ಬಳಂತೂ ಉತ್ತರ ಪತ್ರಿಕೆಯ ತುಂಬ ತನ್ನ ಹೆಸರನ್ನೇ ಬರೆದು ಕೊಟ್ಟು ಬಂದು ಮೆಟ್ಟಿಲ ಮೇಲೆ ಕೂತವಳು, ಮನೆಯವರು ಬಂದು ಕೈಹಿಡಿದು ಕರೆದೊಯ್ಯುವ ತನಕ ಕದಲಲಿಲ್ಲ. ಆಗ ವಿಶ್ವವಿದ್ಯಾಲಯ ಎಚ್ಚೆತ್ತಿತು. ಎಚ್ಚೆತ್ತದ್ದೇ ತಡ, ಉಳಿದವರನ್ನೆಲ್ಲ ಮಲಗಿಸಲು ಹೊರಟಿತು. ಪ್ರತಿಯೊಬ್ಬಳ ಮಣಿಕಟ್ಟಿಗೂ ಒಂದು ರಬ್ಬರಿನ ಪಟ್ಟಿ. ರಾತ್ರಿ ಅದನ್ನು ಕಟ್ಟಿಕೊಂಡು ಮಲಗಿದರೆ ಎಷ್ಟು ಹೊತ್ತು ಮಲಗಿದೆ, ಎಷ್ಟು ಸಲ ಹೊರಳಿದೆ, ಯಾವಾಗ ಬೆಚ್ಚಿಬಿದ್ದೆ ಎಂದು ಅದು, ಹುಡುಗಿಯರ ಮನಸ್ಸಿನ ಕಷ್ಟ ಕೇಳಲೆಂದು ನೇಮಿಸಿದ ಸಮಾಲೋಚಕಿಯ ಕಂಪ್ಯೂಟರಿಗೆ ಚಾಡಿ ಹೇಳುತ್ತದೆ. ಆಮೇಲೆ ಒಂದೊಂದು ಕೋಣೆಯ ನಿದ್ದೆಯನ್ನೂ ಕೂಡಿಸಿ, ಭಾಗಿಸಿ, ಎಣಿಕೆಯ ಕಡೆಯ ರಾತ್ರಿಗೆ ಗೊತ್ತುಮಾಡಿದ ಗೆರೆ ದಾಟಿದ ಕೋಣೆಯವರಿಗೆಲ್ಲ ಆ ಅವಧಿಯ ಆಂತರಿಕ ಅಂಕಗಳಲ್ಲಿ ಐದು ಅಂಕ ಸೇರಿಸುತ್ತಾರೆ. ಒಬ್ಬಳ ನಿದ್ದೆಯನ್ನು ಇನ್ನೊಬ್ಬಳು ಕಾಯಲಿ, ಹಾಗೆ ಕಾಯುತ್ತ ಸ್ನೇಹ ಬೆಳೆಯಲಿ ಎಂಬುದು ಯೋಜನೆ ಮಾಡಿದವರ ಆಸೆ. ಪಾಪ, ಅವರು ಹಾಸ್ಟೆಲಿನಲ್ಲಿ ಇದ್ದವರಲ್ಲ.

ಗಿರಣಿ ಕಾಗದವನ್ನು ಕಡೆಯ ಸಾಲಿನ ತನಕ ಓದಿದಳು. ಓದಿದ ಮೇಲೆ ದವಡೆ ಬಿಗಿಯಿತು.

ದವಡೆಯೇ ಅವಳ ಶತ್ರು. ಹೆತ್ತವರು ಇಟ್ಟ ಚಂದದ ಹೆಸರೊಂದಿತ್ತು. ಅದು ಹಾಜರಿ ಕೂಗುವಾಗ ಮಾತ್ರ ಕಿವಿಗೆ ಬೀಳುತ್ತಿತ್ತು. ಉಳಿದ ಹೊತ್ತು ಎಲ್ಲರ ಬಾಯಲ್ಲೂ ಗಿರಣಿ. ನಿದ್ದೆ ಹತ್ತಿದ ಮೇಲೆ ಅವಳು ಹಲ್ಲು ಕಡಿಯುತ್ತಿದ್ದಳು. ಕಟಕಟ ಎಂದು ಒಂದೆರಡು ಸಲ ಕಡಿದು ಸುಮ್ಮನಾಗುವವಳಲ್ಲ. ಬೀಸುಕಲ್ಲಿಗೆ ಜಲ್ಲಿ ಸುರಿದ ಹಾಗೆ ಗರಗರ ಗರಗರ, ನಡುವೆ ಒಂದು ನಿಡಿದಾದ ಕಿರ್ರ್, ಮತ್ತೆ ಮೊದಲಿನಿಂದ ಗರಗರ. ಓದುತ್ತಿದ್ದದ್ದೋ ದಂತವೈದ್ಯಕೀಯ. "ಊರ ಹಲ್ಲು ಕಟ್ಟೋಳು ತನ್ನ ಹಲ್ಲು ಪುಡಿ ಮಾಡ್ಕೋತಾಳೆ" ಎಂದು ಮಹಡಿಯೆಲ್ಲ ನಗುತ್ತಿತ್ತು. ಕಾಲೇಜಿನ ಆಸ್ಪತ್ರೆಯಲ್ಲಿ ರಾತ್ರಿ ಕಚ್ಚಿಕೊಂಡು ಮಲಗಲು ಹಲ್ಲಿನ ಸಾಲಿಗೆ ಕೂರುವ ಪ್ಲಾಸ್ಟಿಕ್ಕಿನ ಒಂದು ತಟ್ಟೆ ಮಾಡಿಸಿಕೊಂಡಿದ್ದಳು. ವಾರ ಕಳೆಯುವುದರೊಳಗೆ ಅದನ್ನೂ ತೂತು ಮಾಡಿದಳು. "ಮನಸ್ಸಿನ ಮೇಲಿನ ಭಾರ ಇಳಿಸ್ಕೊಳ್ಳಮ್ಮ, ಇದು ತಾನೇ ನಿಲ್ಲತ್ತೆ" ಎಂದರು ಅಲ್ಲಿಯ ಡಾಕ್ಟರು, ಮುಂದಿನವರನ್ನು ಕೂಗುತ್ತ.

ಭಾರ ಏನೆಂದು ಅವಳಿಗೆ ಗೊತ್ತಿತ್ತು. ಮೊದಲ ವರ್ಷದವರು ಮೇಣದ ತುಂಡಿನಲ್ಲಿ ಹಲ್ಲು ಕೆತ್ತಬೇಕು. ಕೋರೆಹಲ್ಲು, ದವಡೆಹಲ್ಲು, ಅದರ ನೆತ್ತಿಯಲ್ಲಿ ಉಬ್ಬಿದ ಗುಬುಟು, ಗುಬುಟುಗಳ ನಡುವಿನ ಕಾಲುವೆ, ಎಲ್ಲವೂ ಅಳತೆಗೆ ಸರಿಯಾಗಿ. ಕೆತ್ತನೆಯಲ್ಲಿ ಅವಳು ಒಮ್ಮೆ ನಪಾಸಾಗಿದ್ದಳು. ಮರುಪರೀಕ್ಷೆ ಒಂದೇ ಒಂದು. ಅದರಲ್ಲೂ ಹೋದರೆ ಕೋರ್ಸಿನಿಂದಲೇ ಹೆಸರು ಹೊಡೆದುಹಾಕುತ್ತಾರೆ. ಪೆಟ್ಟಿಗೆ ಕಟ್ಟಿಕೊಂಡು ಮನೆಗೆ ಹೋಗಬೇಕು. ಹಲ್ಲು ಕಡಿತ ಶುರುವಾದದ್ದು ಆ ನಪಾಸಿನ ಮಾರನೆಯ ರಾತ್ರಿಯಿಂದ.

ಕೋಣೆಯಲ್ಲಿ ಅವಳ ಜೊತೆ ಇನ್ನಿಬ್ಬರು. ಒಬ್ಬಳು ದೊಡ್ಡಮ್ಮನ ಮಗಳು, ಕಾನೂನು ಓದುವ ಅಕ್ಕ. "ಅಕ್ಕನ ಕೋಣೇಲೇ ಇರು, ತಾಯಿ ಹಾಗೆ ನೋಡ್ಕೋತಾಳೆ" ಎಂದು ಅಮ್ಮನೂ ದೊಡ್ಡಮ್ಮನೂ ಸೇರಿ ಈ ಏರ್ಪಾಡು ಮಾಡಿದ್ದರು. ಅಕ್ಕ ನೋಡಿಕೊಂಡಳು, ನಿಜ. ಕಟಕಟೆಯಲ್ಲಿ ನಿಂತವರನ್ನು ಎದುರು ಪಕ್ಷದ ವಕೀಲರು ನೋಡುವ ಹಾಗೆ. ಇನ್ನೊಬ್ಬಳು ಕ್ರೀಡಾ ವಿಭಾಗದ ಓಟಗಾರ್ತಿ. ದಿಂಬಿಗೆ ತಲೆ ತಾಗುವುದೇ ತಡ, ಕೊರಡು. ಹಾಗಾಗಿ ಅವಳ ಹೆಸರೂ ಕೊರಡು. ಪಕ್ಕದಲ್ಲಿ ಗೋಡೆ ಬಿದ್ದರೂ, "ಬೆಳಿಗ್ಗೆ ಎತ್ತಿಡೋಣ" ಎಂದು ಮಗ್ಗುಲು ಬದಲಾಯಿಸುವವಳು.

ಮೊದಲ ವಾರದ ನಿದ್ದೆ ಎಣಿಸಿದಾಗ ಅವರ ಕೋಣೆ ಇಡೀ ಹಾಸ್ಟೆಲಿಗೆ ಕಡೆ.

"ನೋಡಿದ್ಯಾ?" ಅಕ್ಕ ಫೋನನ್ನು ಗಿರಣಿಯ ಮೂಗಿಗೆ ತಾಗಿಸುವ ಹಾಗೆ ಹಿಡಿದಳು. "ಕೊರಡಿನ ನಿದ್ದೆ ಹೊನ್ನಿನಂಥದ್ದು. ನಂದು ಅರೆಬರೆ, ಯಾಕೆ ಅಂದ್ರೆ ಕಿವಿ ಪಕ್ಕದಲ್ಲಿ ನಿನ್ನ ಕಾರ್ಖಾನೆ. ನಿಂದೋ, ನಿದ್ದೆ ಅಂತ ಕರೆಯೋ ಹಾಗೇ ಇಲ್ಲ. ಬೆಚ್ಚಿಬೀಳೋದು, ಹೊರಳೋದು, ಮತ್ತೆ ಬೆಚ್ಚಿಬೀಳೋದು."

"ಬೇಕು ಅಂತ ಮಾಡ್ತೀನಾ?"

"ಬೇಕು ಅಂತ ಮಾಡಿದ್ರೆ ನಿಲ್ಲಿಸಬಹುದಿತ್ತು. ಅದೇ ತೊಂದರೆ."

"ಕಿವಿಗೆ ಹತ್ತಿ ಇಟ್ಕೋ."

"ಹತ್ತಿ ಇಟ್ಟೆ, ಮೇಣ ಇಟ್ಟೆ, ದಿಂಬು ಕವಿಚ್ಕೊಂಡೆ. ಕಿವೀಲಿ ಕೇಳೋದಲ್ಲ ಕಣೇ ಅದು, ಮೂಳೇಲಿ ಕೇಳತ್ತೆ." ಅಕ್ಕ ಹಾಸಿಗೆಯ ಅಂಚಿಗೆ ಕೂತಳು. ದನಿ ಇಳಿಸಿದಳು. ಅವಳು ದನಿ ಇಳಿಸಿದಾಗಲೇ ಹೆದರಬೇಕಾದದ್ದು. "ನನಗೆ ಆ ಐದು ಮಾರ್ಕ್ಸ್ ಬೇಕು. ದೊಡ್ಡ ವಕೀಲರ ಕಚೇರೀಲಿ ತರಬೇತಿಗೆ ಒಂದೇ ಜಾಗ. ನನಗೂ ನನ್ನ ಮುಂದಿರೋಳಿಗೂ ಕೂದಲೆಳೆ ಅಂತರ. ನಿನ್ನ ಬಾಯಿಂದ ನನ್ನ ಬಾಳು ಹಾಳಾಗೋಕೆ ಬಿಡಲ್ಲ."

ಕೊರಡು ಮೂಲೆಯಲ್ಲಿ ಕೂತು ಶೂ ದಾರ ಕಟ್ಟುತ್ತಿದ್ದವಳು ತಲೆಯೆತ್ತಿದಳು. "ನಾನು ಬೇಕಾದ್ರೆ ಇನ್ನೂ ಹೆಚ್ಚು ನಿದ್ದೆ ಮಾಡ್ತೀನಪ್ಪ. ನನಗೇನು ಕಷ್ಟ ಇಲ್ಲ."

ತಮಾಷೆಗೆ ಆಡಿದ ಮಾತು. ಅಕ್ಕನ ಮುಖ ನೋಡಬೇಕಿತ್ತು, ದೀಪ ಹೊತ್ತಿಕೊಂಡ ಹಾಗಾಯಿತು.

ಅಂದಿನಿಂದ ಕೊರಡಿನ ಬಲಗೈಗೆ ಅವಳ ಪಟ್ಟಿ, ಎಡಗೈಗೆ ಗಿರಣಿಯ ಪಟ್ಟಿ. ಮಲಗುವ ಗಂಟೆ ಹೊಡೆದು ಮಹಡಿಯ ದೀಪ ಆರಿದ ಮೇಲೆ ಗಿರಣಿ ಹೊದಿಕೆ ಸುತ್ತಿಕೊಂಡು, ಅದೇ ಮಹಡಿಯ ಓಣಿಯ ಕೊನೆಯ ಇಸ್ತ್ರಿ ಕೋಣೆಗೆ ಹೋಗಬೇಕು. ಅವಳು ಇಲ್ಲದ ಕೋಣೆಯಲ್ಲಿ ಅಕ್ಕನಿಗೂ ನಿದ್ದೆ ಹತ್ತುತ್ತದೆ. ಕೊರಡು ಇಬ್ಬರ ನಿದ್ದೆಯನ್ನು ಒಬ್ಬಳೇ ಮಾಡುತ್ತಾಳೆ.

"ನನ್ನ ನಿದ್ದೆ?" ಎಂದು ಕೇಳಿದಳು ಗಿರಣಿ.

"ಅಲ್ಲೂ ಮಾಡಬಹುದಲ್ಲ. ಬೆಂಚಿದೆ," ಎಂದಳು ಅಕ್ಕ. "ನಿನ್ನ ಒಳ್ಳೇದಕ್ಕೂ ಆಯ್ತು. ಕೆತ್ತನೆ ಅಭ್ಯಾಸ ಮಾಡು, ಯಾರೂ ಕೇಳಲ್ಲ. ಒಪ್ಪಲಿಲ್ಲ ಅಂದ್ರೆ ನಾನೇ ವಾರ್ಡನ್ ಹತ್ರ ಹೋಗಿ ನಿನ್ನ ಕೋಣೆ ಬದಲಾಯಿಸಿ ಅಂತ ಬರೆದುಕೊಡ್ತೀನಿ. ಈ ಐದು ಮಾರ್ಕ್ಸ್ ಗಲಾಟೇಲಿ ನಿನ್ನನ್ನ ಯಾವ ಕೋಣೆಯವರು ಒಳಗೆ ಸೇರಿಸ್ತಾರೋ ನೋಡೋಣ."

ಗಿರಣಿ ತನ್ನ ಪಟ್ಟಿ ಬಿಚ್ಚಿ ಕೊಟ್ಟಳು. ಅಕ್ಕ ಹೇಳಿದ್ದು ಸುಳ್ಳಲ್ಲ. ಊಟದ ಮನೆಯಲ್ಲಿ ಅವಳು ತಟ್ಟೆ ಹಿಡಿದು ಬಂದರೆ ಬೆಂಚಿನ ಮೇಲೆ ಜಾಗವಿದ್ದರೂ ಹುಡುಗಿಯರು ಒಂದಿಷ್ಟು ಹರಡಿಕೊಂಡು ಕೂರುತ್ತಿದ್ದರು. ನಿದ್ದೆಗೆ ಅಂಕ ಬಂದ ಮೇಲೆ ನಿದ್ದೆ ಕೆಡಿಸುವವಳು ಕಳ್ಳಿಗಿಂತ ಕಡೆಯಾಗಿದ್ದಳು.

ಇಸ್ತ್ರಿ ಕೋಣೆಯ ಬೆಂಚು ಗೇಣಗಲ. ಮಲಗಿದರೆ ಒಂದು ಭುಜ ಗಾಳಿಯಲ್ಲಿ. ನೆಲದಲ್ಲಿ ಬಟ್ಟೆಗೆ ಚಿಮುಕಿಸಿದ ನೀರು ಆರುತ್ತಲೇ ಇರಲಿಲ್ಲ. ಸೀದ ಬಟ್ಟೆಯ ವಾಸನೆ ಗೋಡೆಗೆ ಅಂಟಿತ್ತು. ತಡವಾಗಿ ಒಬ್ಬಳು ಬಂದು ಅಂಗಿ ತೀಡಿ ಹೋದರೆ, ಬೆಳಕು ಹರಿಯುವ ಮೊದಲೇ ಇನ್ನೊಬ್ಬಳು ಬಿಳಿ ಕೋಟು ಹಿಡಿದು ಬಂದು "ಸರಿ ಆ ಕಡೆ" ಎನ್ನುತ್ತಿದ್ದಳು. ಆ ಎರಡರ ನಡುವೆ ಗಿರಣಿ ಮೇಜಿಗೆ ತಲೆಯಿಟ್ಟು ತೂಕಡಿಸುವಳು. ತೂಕಡಿಕೆ ನಿದ್ದೆಗೆ ತಿರುಗುವ ಹೊತ್ತಿಗೆ ದವಡೆ ಚಲಿಸುವುದು. ದವಡೆ ಚಲಿಸಿದರೆ ಮೇಜಿನ ತಗಡು ಅದನ್ನು ಇಮ್ಮಡಿ ಮಾಡಿ ಕಿವಿಗೆ ಹಿಂತಿರುಗಿಸುವುದು. ತನ್ನ ಸದ್ದಿಗೆ ತಾನೇ ಬೆಚ್ಚಿ ಏಳುವುದು ಎಂಥದೆಂದು ಅವಳಿಗೆ ಅಲ್ಲಿ ತಿಳಿಯಿತು.

ಹಗಲು ಕೈ ನಡುಗತೊಡಗಿತು.

"ಏನಮ್ಮ ಇದು?" ಕೆತ್ತನೆಯ ಮೇಷ್ಟ್ರು ಅವಳ ಮೇಣವನ್ನು ಕಿಟಕಿಯ ಬೆಳಕಿಗೆ ಹಿಡಿದು ತಿರುಗಿಸಿದರು. ಇಡೀ ಪ್ರಯೋಗಶಾಲೆಗೆ ಕೇಳಿಸಬೇಕು, ಹಾಗೆ ಕೇಳಿದರು. "ದವಡೆಹಲ್ಲಾ, ಸವೆದ ಸಾಬೂನಾ?"

ಯಾರೋ ಕಿಸಕ್ಕೆಂದರು.

"ಗುಬುಟು ಮುರಿದೋಯ್ತು ಸಾರ್. ಕೈ..."

"ಕೈ ನಡುಗೋರು ಹಲ್ಲಿನ ಕಾಲೇಜಿಗೆ ಯಾಕೆ ಬರ್ತೀರಿ? ಜಾಗಟೆ ಬಾರಿಸೋಕೆ ಹೋಗಿ. ಮೇಣ ಆದ್ದರಿಂದ ಸರಿಹೋಯ್ತು. ನಾಳೆ ಜೀವ ಇರೋ ಬಾಯಿಗೆ ಚೂರಿ ಹಾಕ್ತೀಯಲ್ಲ, ಆಗ?" ತುಂಡನ್ನು ಕಸದ ಡಬ್ಬಿಗೆ ಎಸೆದು ಕೈ ಒರೆಸಿಕೊಂಡರು. "ಮುಂದಿನ ವಾರ ಪರೀಕ್ಷೆ. ಕೆತ್ತಿದ ಮೇಲೆ ಕರಗಿಸಿ ತೇಪೆ ಹಾಕೋ ಹಾಗಿಲ್ಲ, ನೆನಪಿರಲಿ. ಇದೇ ಕೈ ತಗೊಂಡು ಬರೋದಾದ್ರೆ ಬರಲೇಬೇಡ."

ಬೈದದ್ದು ನೋಯಲಿಲ್ಲ. ಬೈಗುಳ ಸರಿಯಾಗಿದೆಯಲ್ಲ ಎಂಬುದು ನೋಯಿತು. ಚೂರಿಯನ್ನು ಒರೆಸಿಡಲು ಹೋದರೆ ಅದು ಬೆರಳುಗಳ ನಡುವೆ ಹುಳುವಿನಂತೆ ಕುಣಿಯಿತು.

ಆ ಸಂಜೆ ಅಮ್ಮ ಫೋನು ಮಾಡಿದಳು. ದನಿ ಹಿಗ್ಗಿ ಹೂವಾಗಿತ್ತು. "ನಿನ್ನ ದೊಡ್ಡಮ್ಮ ಈಗ ತಾನೇ ಹೇಳಿದ್ಲು ಕಣೇ. ಹಾಸ್ಟೆಲಿಗೆಲ್ಲ ನಿಂದೇ ಒಳ್ಳೇ ನಿದ್ದೆಯಂತೆ! ಕಂಪ್ಯೂಟರಿನಲ್ಲಿ ಬಂದಿದೆಯಂತೆ. ಅಕ್ಕ ಎಷ್ಟು ಚೆನ್ನಾಗಿ ನೋಡ್ಕೋತಿದಾಳೆ ನೋಡು. ಅವಳ ಋಣ ತೀರಿಸೋಕಾಗಲ್ಲ."

ಗಿರಣಿ ಹೂಂ ಎಂದಳು. ಇನ್ನೊಂದು ಅಕ್ಷರ ಹೊರಡಿಸಿದ್ದರೆ ಅಳು ಬರುತ್ತಿತ್ತು. ಅತ್ತರೆ ಅಮ್ಮ ದೊಡ್ಡಮ್ಮನಿಗೆ ಹೇಳುತ್ತಿದ್ದಳು. ದೊಡ್ಡಮ್ಮ ಅಕ್ಕನಿಗೆ ಹೇಳುತ್ತಿದ್ದಳು. ಆ ಮನೆತನದಲ್ಲಿ ಕಣ್ಣೀರು ನೇರವಾಗಿ ಹರಿದದ್ದೇ ಇಲ್ಲ, ನಾಲ್ಕು ಮನೆ ಸುತ್ತಿಯೇ ಬರುವುದು.

ಮರುದಿನ ಅವಳು ಸಮಾಲೋಚಕಿಯ ಕೋಣೆಗೆ ಹೋದಳು. ಅಲ್ಲಿ ಮೆತ್ತನೆಯ ಕುರ್ಚಿ, ಹಸಿರು ಪರದೆ, ಎಲ್ಲಿಂದಲೋ ನೀರು ಜುಳುಜುಳಿಸುವ ಧ್ವನಿಮುದ್ರಣ. ಸಮಾಲೋಚಕಿ ಅವಳನ್ನು ಕಂಡೊಡನೆ ಎದ್ದು ಬಂದು ಎರಡೂ ಕೈ ಹಿಡಿದುಕೊಂಡರು. ಆ ಕೈ ನಡುಗುತ್ತಿರುವುದು ಅವರ ಗಮನಕ್ಕೆ ಬರಲಿಲ್ಲ.

"ಬಾ ಬಾ, ನಾನೇ ಕರೆಸಬೇಕು ಅಂತಿದ್ದೆ! ಏನು ಬೇಕಿತ್ತು?"

"ಹಾಸ್ಟೆಲಿನ ಅನಾರೋಗ್ಯದವರ ಕೋಣೆ ಖಾಲಿ ಇದೆ ಮೇಡಂ. ಪರೀಕ್ಷೆ ಮುಗಿಯೋ ತನಕ ನಾನು ಅಲ್ಲಿ ಒಬ್ಬಳೇ ಮಲಗಬೇಕು. ನೀವು ಬರೆದುಕೊಟ್ಟರೆ ಕೊಡ್ತಾರಂತೆ. ನನಗೆ ನಿದ್ದೆ ಇಲ್ಲ."

ಸಮಾಲೋಚಕಿ ನಕ್ಕರು. ಕಂಪ್ಯೂಟರನ್ನು ಅವಳ ಕಡೆ ತಿರುಗಿಸಿದರು. ಪರದೆಯ ಮೇಲೆ ನೀಲಿ ಗೆರೆಯೊಂದು ಶಾಂತ ಕೆರೆಯಂತೆ ಮಲಗಿತ್ತು.

"ಇದು ಯಾರ ನಿದ್ದೆ, ಹೇಳು?"

ಗಿರಣಿ ಗೆರೆಯನ್ನು ನೋಡಿದಳು. ಕೊರಡಿನ ನಿದ್ದೆ ಎಷ್ಟು ಚಂದ ಎಂದುಕೊಂಡಳು.

"ನಿಂದೇ! ಇನ್ನೊಂದು ವಿಶೇಷ ನೋಡು. ಇದು ನಿನ್ನ ಜೊತೆಗಿರೋ ಓಟದ ಹುಡುಗೀದು. ಎರಡನ್ನೂ ಒಂದರ ಮೇಲೊಂದು ಇಟ್ಟರೆ ಹೇಗೆ ಕೂರತ್ತೆ! ಅವಳು ಮಗ್ಗುಲು ಬದಲಾಯಿಸಿದಾಗ ನೀನೂ ಬದಲಾಯಿಸ್ತೀಯ. ಅವಳು ಎದ್ದಾಗಲೇ ನೀನೂ ಏಳ್ತೀಯ. ಇಂಥ ಹೊಂದಾಣಿಕೆ ನಾನು ಕಂಡೇ ಇಲ್ಲಮ್ಮ. ಒಂದೇ ಕೋಣೆಯ ಸ್ನೇಹ ಉಸಿರನ್ನೇ ಒಂದು ಮಾಡಿದೆ ಅಂತ ವರದೀಲಿ ಬರೆದಿದ್ದೀನಿ."

"ಆ ನಿದ್ದೆ ನಂದಲ್ಲ ಮೇಡಂ."

ಹೇಳಿಬಿಟ್ಟಿದ್ದಳು. ಇನ್ನು ಪಟ್ಟಿಯ ಕತೆ ಬಿಚ್ಚಬೇಕು. ಬಿಚ್ಚಿದರೆ ವಂಚನೆ ಎಂದು ಶಿಸ್ತು ಸಮಿತಿ ಕೂರುತ್ತದೆ. ಮೂವರ ಹೆಸರಿಗೂ ಮಸಿ. ಮಸಿ ಬಿದ್ದ ಹೆಸರಿನ ಅಕ್ಕನನ್ನು ಯಾವ ವಕೀಲರೂ ಬಾಗಿಲೊಳಗೆ ಬಿಡುವುದಿಲ್ಲ. ಬಾಯಿ ತೆರೆದೇ ಇತ್ತು. ಆದರೆ ಆಗಲೇ ಸಮಾಲೋಚಕಿ ತಲೆದೂಗುತ್ತಿದ್ದರು, ಇದನ್ನೇ ಕಾಯುತ್ತಿದ್ದವರಂತೆ.

"ಇದಕ್ಕೊಂದು ಹೆಸರೇ ಇದೆ. ಚೆನ್ನಾಗಿ ನಿದ್ದೆ ಮಾಡಿದ್ರೂ ಮಾಡಲೇ ಇಲ್ಲ ಅಂತ ಕೆಲವರಿಗೆ ಅನ್ಸತ್ತೆ. ಮನಸ್ಸು ಮೋಸ ಮಾಡತ್ತೆ ಪುಟ್ಟ, ಪಟ್ಟಿ ಮೋಸ ಮಾಡಲ್ಲ. ಒಬ್ಬಳೇ ಮಲಗಿದ್ರೆ ಈ ಹೊಂದಾಣಿಕೆ ಒಡೆದುಹೋಗತ್ತೆ. ಬೇಡ. ಎಣಿಕೆಯ ಕಡೇ ರಾತ್ರಿ ಕಳೆದ ಮೇಲೆ ಸಮಾರಂಭ ಇದೆ, ಅಲ್ಲಿ ನೀನೇ ಮಾತಾಡಬೇಕು. ನಿದ್ದೆಗೆಟ್ಟಿದ್ದ ನಾನು ಹೇಗೆ ನಿದ್ದೆ ಕಲಿತೆ ಅಂತ."

ಗಿರಣಿ ಎದ್ದು ಬಂದಳು. ಓಣಿಯ ತಿರುವಿನಲ್ಲಿ ಗೋಡೆಗೆ ಹಣೆ ಒತ್ತಿ ನಿಂತಳು. ಅಕ್ಕನ ಮೇಲೆ ಬಂದ ಸಿಟ್ಟಿಗಿಂತ ತನ್ನ ಮೇಲೆ ಬಂದ ಸಿಟ್ಟು ದೊಡ್ಡದಾಗಿತ್ತು. ತನ್ನ ಕತ್ತು ಹಿಸುಕುವ ಕೈಗೆ ತಾನೇ ಬಳೆ ತೊಡಿಸಿದ ಹಾಗೆ, ಪಟ್ಟಿಯನ್ನು ತಾನೇ ಬಿಚ್ಚಿ ಕೊಟ್ಟಿದ್ದಳಲ್ಲ.

ಎಣಿಕೆಯ ಕಡೆಯ ರಾತ್ರಿಯೂ ಕೆತ್ತನೆ ಪರೀಕ್ಷೆಯ ಹಿಂದಿನ ರಾತ್ರಿಯೂ ಒಂದೇ ಆಗಿ ಬಂದವು. ಅಂದು ಊಟ ಮುಗಿಸಿ ಕೋಣೆಗೆ ಬಂದ ಗಿರಣಿ ಯಾರನ್ನೂ ಮಾತಾಡಿಸದೆ ನೇರ ಕೊರಡಿನ ಹಾಸಿಗೆಯ ಬಳಿ ಹೋಗಿ, "ಕೈ ಕೊಡು" ಎಂದಳು.

ಕೊರಡು ಬಲಗೈ ಚಾಚಿದಳು.

"ಅದಲ್ಲ. ಇನ್ನೊಂದು."

ಪಟ್ಟಿ ಬಿಚ್ಚಿ ತನ್ನ ಮಣಿಕಟ್ಟಿಗೆ ಕಟ್ಟಿಕೊಂಡಳು. ಮೇಜಿನ ಮೇಲೆ ನಾಳೆಯ ಚೂರಿ, ಅಳತೆಯ ಕಡ್ಡಿ, ಹೊಸ ಮೇಣದ ತುಂಡು ಜೋಡಿಸಿಟ್ಟು ತನ್ನ ಹಾಸಿಗೆ ಬಿಡಿಸಿದಳು. ಎಷ್ಟೋ ದಿನದಿಂದ ಯಾರೂ ಮಲಗದ ಹಾಸಿಗೆ ತಣ್ಣಗಿತ್ತು.

ಅಕ್ಕ ಪುಸ್ತಕ ಮಡಿಸಿದಳು. "ಏನಿದು ನಾಟಕ?"

"ಮಲಗ್ತೀನಿ."

"ಇವತ್ತಾ? ಇವತ್ತೊಂದು ರಾತ್ರಿ ಮುಗಿದ್ರೆ ನಮ್ಮ ಕೋಣೆ ಗೆದ್ದ ಹಾಗೆ ಅಂತ ಗೊತ್ತಿದ್ದೂ?"

"ನಾಳೆ ಪರೀಕ್ಷೆ ಇದೆ ಅಂತ ನಿನಗೂ ಗೊತ್ತಿದ್ದೂ."

"ಒಂದು ರಾತ್ರಿ ನಿದ್ದೆ ಮಾಡಿದ್ರೆ ನಿನ್ನ ಕೈ ನೆಟ್ಟಗಾಗಿಬಿಡತ್ತಾ?"

"ಆಗದೇ ಇರಬಹುದು. ಮಾಡದಿದ್ರೆ ಆಗೋದೇ ಇಲ್ಲ."

ಅಕ್ಕ ಎದ್ದು ನಿಂತಳು. "ನಿನ್ನ ಒಂದು ರಾತ್ರಿ ಕೂಡಿಸಿ ಭಾಗಿಸಿದ್ರೆ ನಾವು ಗೆರೆ ಕೆಳಗೆ ಬೀಳ್ತೀವಿ. ನನ್ನದೂ ಕೆಡತ್ತೆ, ನೀನು ಇಲ್ಲೇ ಬೀಸ್ತಾ ಬಿದ್ದಿದ್ರೆ. ಅದು ಗೊತ್ತಾ? ನಾಳೆ ನಮ್ಮಮ್ಮಂಗೆ ಫೋನ್ ಮಾಡ್ತೀನಿ. ಪಟ್ಟಿ ಕೊರಡಿಗೆ ಕೊಟ್ಟು ಕಳ್ಳಾಟ ಆಡಿದ್ದು ನೀನು ಅಂತ ಹೇಳ್ತೀನಿ."

"ಹೇಳು. ಕಟ್ಟಿಸಿದ್ದು ಯಾರು ಅಂತ ನಾನೂ ಹೇಳ್ತೀನಿ."

"ಯಾರು ನಂಬ್ತಾರೆ? ನಪಾಸಾದವಳ ಮಾತು!"

"ನಂಬದಿದ್ರೆ ಬಿಡಲಿ."

"ನಿಮ್ಮಪ್ಪ ಆಸ್ಪತ್ರೇಲಿದ್ದಾಗ ನಿಮ್ಮಮ್ಮನ ಪಕ್ಕ ಕೂತಿದ್ದು ನಮ್ಮಮ್ಮ. ಮರೆತುಬಿಟ್ಟೆ."

"ಮರೆತಿಲ್ಲ. ನಿಮ್ಮಮ್ಮ ಕೂತಿದ್ದು. ನೀನಲ್ಲ."

ಕೊರಡು ಇಬ್ಬರ ನಡುವೆ ನೋಟ ಹಾಯಿಸಿದಳು. "ನನಗೇನೋ ಎಡಗೈ ಹಗುರಾಯ್ತು," ಎಂದಳು. "ಇಬ್ಬರ ಪಾಲಿನದು ಮಾಡಿ ಮಾಡಿ ಓಟದಲ್ಲಿ ಕಾಲೇ ಎಳೀತಿತ್ತು." ಅವಳು ಗೋಡೆಗೆ ಮುಖ ಮಾಡಿ ಮಲಗಿದಳು. ಆ ಜಗಳದ ನಡುವೆಯೂ ಅವಳ ಉಸಿರು ಆಗಲೇ ನಿಡಿದಾಗತೊಡಗಿತು.

ಹೊರಗೆ ಮಲಗುವ ಗಂಟೆ ಹೊಡೆಯಿತು. ಓಣಿಯ ದೀಪ ಆರಿತು. ಗಿರಣಿ ಹೊದಿಕೆ ಎಳೆದುಕೊಂಡು ಕೂತಿದ್ದಳು, ಬೆನ್ನು ಗೋಡೆಗೆ ಆನಿಸಿ, ಪಟ್ಟಿ ಇರುವ ಕೈಯನ್ನು ಇನ್ನೊಂದು ಕೈಯಲ್ಲಿ ಮುಚ್ಚಿಕೊಂಡು. ಅಕ್ಕ ಬಾಗಿಲ ಬಳಿ ಹೋದಳು, ಚಿಲಕದ ಮೇಲೆ ಕೈಯಿಟ್ಟಳು, ಮತ್ತೆ ಬಂದಳು. ಅವಳ ಮುಖದಲ್ಲಿ ಈಗ ವಕೀಲಿ ಇರಲಿಲ್ಲ. ಅವಳ ಕಣ್ಣಿನ ಕೆಳಗೂ ಕಪ್ಪಿತ್ತು; ಇಷ್ಟು ದಿನ ಗಿರಣಿ ಅದನ್ನು ನೋಡಿರಲಿಲ್ಲ. ನೋಡಿದರೂ ಕನಿಕರ ಬರಲಿಲ್ಲ. ಕನಿಕರಕ್ಕೂ ಒಂದಿಷ್ಟು ನಿದ್ದೆ ಬೇಕು.

"ಆ ಜಾಗ ತಪ್ಪಿದ್ರೆ ನನಗೆ ಇನ್ನೇನೂ ಇಲ್ಲ ಕಣೇ," ಎಂದಳು ಅಕ್ಕ. "ನಾನೂ ಎಷ್ಟು ರಾತ್ರಿ ಮೇಲೆ ನೋಡ್ತಾ ಬಿದ್ದಿದ್ದೀನಿ, ನಿನಗೇನು ಗೊತ್ತು? ಬೆದರಿಸಿದ್ದು ತಪ್ಪಾಯ್ತು. ಬೇಕಾದ್ರೆ ನನ್ನ ಹಾಸಿಗೆ, ದಿಂಬು ಎಲ್ಲ ಎತ್ಕೊಂಡು ಹೋಗು, ಬೆಂಚಿಗೆ ಹಾಸಿಕೊಡ್ತೀನಿ. ಪಟ್ಟಿ ಕೊರಡಿಗೆ ಕಟ್ಟಿ, ಇದೊಂದೇ ಒಂದು ರಾತ್ರಿ ಅಲ್ಲಿ ಹೋಗಿ ಮಲಗು. ನಿನ್ನ ಕಾಲು ಹಿಡೀತೀನಿ."

"ಇಲ್ಲ," ಎಂದಳು ಗಿರಣಿ. "ಹೋಗಲ್ಲ."